ದೇವಾಲಯಗಳಲ್ಲಿ ಸೂರ್ಯರಶ್ಮಿ ಸೇವೆ

ವರ್ಷದ ಗೊತ್ತಾದ ಕೆಲವೇ ದಿನಗಳಲ್ಲಿ, ಗೊತ್ತಾದ ಹೊತ್ತಿಗೆ, ಸೂರ್ಯನ ಬೆಳಕು ಗರ್ಭಗುಡಿಯೊಳಗೆ ಬಂದು ಮೂಲವಿಗ್ರಹವನ್ನು ಮುಟ್ಟುವುದನ್ನೇ ಪೂಜೆಯೆಂದು ಬಗೆದು ಆಚರಿಸುವ ಪದ್ಧತಿ. ಕರ್ನಾಟಕದಲ್ಲಿ ಇದನ್ನು ಸೂರ್ಯರಶ್ಮಿ ಸ್ಪರ್ಶ ಎನ್ನುವುದು ರೂಢಿ. ಕೊಲ್ಲಾಪುರದಲ್ಲಿ ಇದು ಕಿರಣೋತ್ಸವ, ಅಯೋಧ್ಯೆಯಲ್ಲಿ ಸೂರ್ಯತಿಲಕ. ಹೆಸರಿನಂತೆಯೇ ಭಾವವೂ ಊರಿಂದ ಊರಿಗೆ ಬೇರೆಯಾಗುತ್ತದೆ. ಬೆಂಗಳೂರಿನ ಗವಿಪುರದಲ್ಲಿ ಸೂರ್ಯ ಭಕ್ತನಾಗಿ ಬಂದು ಶಿವನಿಗೆ ನಮಿಸುತ್ತಾನೆ. ಆಂಧ್ರದ ಅರಸವಿಲ್ಲಿಯಲ್ಲಿ ಸೂರ್ಯನೇ ದೇವರು. ಆಕಾಶದಲ್ಲಿರುವವನ ಬೆಳಕು ಕಲ್ಲಿನಲ್ಲಿರುವವನ ಪಾದಕ್ಕೆ ಬೀಳುತ್ತದೆ.

ಸೂರ್ಯನ ಆರಾಧನೆ ಗುಡಿಗಳಿಗಿಂತ ಬಹಳ ಹಳೆಯದು. ಋಗ್ವೇದದ ಗಾಯತ್ರಿ ಮಂತ್ರ ಸವಿತೃವನ್ನು ಕುರಿತದ್ದು. ಸಂಧ್ಯಾವಂದನೆಯ ಅರ್ಘ್ಯಕ್ಕೆ ಗೋಡೆಯೂ ಬೇಡ, ವಿಗ್ರಹವೂ ಬೇಡ. ನೀರು ಮತ್ತು ಬಯಲು ಸಾಕು. ಸೂರ್ಯನಿಗೆ ಗುಡಿ ಕಟ್ಟಿದ ಖಚಿತ ದಾಖಲೆಗಳಲ್ಲಿ ಮುಖ್ಯವಾದದ್ದು ಮಾಳವದ ಮಂದಸೋರ್ ಶಾಸನ. ಲಾಟ ದೇಶದಿಂದ ವಲಸೆ ಬಂದ ರೇಷ್ಮೆ ನೇಕಾರರ ಶ್ರೇಣಿಯೊಂದು ಕ್ರಿ.ಶ. 437ರ ಸುಮಾರಿಗೆ ಅಲ್ಲಿ ಸೂರ್ಯ ದೇವಾಲಯ ಕಟ್ಟಿಸಿತು. ಹಾಳಾದ ಭಾಗವನ್ನು 473ರ ಸುಮಾರಿಗೆ ದುರಸ್ತಿ ಮಾಡಿಸಿತು. ರಾಜರಲ್ಲ, ದುಡಿದು ಗಳಿಸಿದ ಜನ ಕಟ್ಟಿಸಿದ ಗುಡಿ ಅದು ಎಂಬುದನ್ನು ಇಲ್ಲಿ ಹೇಳಲೇಬೇಕು. ಮುಲ್ತಾನಿನ ಪ್ರಸಿದ್ಧ ಸೂರ್ಯ ದೇವಾಲಯವನ್ನು 7ನೆಯ ಶತಮಾನದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ವರ್ಣಿಸಿದ್ದಾನೆ. ಸೂರ್ಯವಿಗ್ರಹದ ಪ್ರತಿಷ್ಠೆಯನ್ನು ಮಗರು ಮಾಡಬೇಕೆಂದು ವರಾಹಮಿಹಿರನ ಬೃಹತ್ಸಂಹಿತೆ ವಿಧಿಸುತ್ತದೆ. ಈ ಮಗ ಪುರೋಹಿತರು ಇರಾನಿನ ಕಡೆಯಿಂದ ಬಂದವರು. ಉತ್ತರ ಭಾರತದ ಸೂರ್ಯವಿಗ್ರಹಗಳು ಮೊಣಕಾಲುದ್ದದ ಪಾದರಕ್ಷೆ ತೊಟ್ಟಿರುವುದಕ್ಕೂ ದಕ್ಷಿಣದವು ಬರಿಗಾಲಲ್ಲಿ ಎರಡು ಕಮಲ ಹಿಡಿದು ನಿಂತಿರುವುದಕ್ಕೂ ಹಿನ್ನೆಲೆ ಇಲ್ಲಿದೆ. ಕೃಷ್ಣನ ಮಗ ಸಾಂಬ ಸೂರ್ಯನನ್ನು ಆರಾಧಿಸಿ ಕುಷ್ಠದಿಂದ ಪಾರಾದ ಕಥೆ ಇದೇ ಪರಂಪರೆಯದು. ಸೂರ್ಯನ ಬೆಳಕು ಆರೋಗ್ಯ ಕೊಡುವ ಆಶೀರ್ವಾದ ಎಂಬ ಭಾವನೆಗೂ, ರಥಸಪ್ತಮಿಯಂದು ಎಕ್ಕದ ಎಲೆಗಳನ್ನು ಮೈಮೇಲಿಟ್ಟು ಸ್ನಾನ ಮಾಡುವ ನಮ್ಮ ಮನೆಗಳ ಪದ್ಧತಿಗೂ ಈ ಕಥೆಯೊಂದಿಗೆ ನಂಟಿದೆ.

ಮುಂದಿನ ಶತಮಾನಗಳಲ್ಲಿ ರಾಜರೂ ಸೂರ್ಯನಿಗೆ ಗುಡಿ ಕಟ್ಟಿಸಿದರು. ಕಾಶ್ಮೀರದ ಮಾರ್ತಾಂಡ ದೇವಾಲಯ 8ನೆಯ ಶತಮಾನದ ಲಲಿತಾದಿತ್ಯನದು. ಗುಜರಾತಿನ ಮೊಢೇರಾ ಚೌಲುಕ್ಯ ಒಂದನೆಯ ಭೀಮನ ಆಳ್ವಿಕೆಯಲ್ಲಿ, 1026–27ರ ಸುಮಾರಿಗೆ ಎದ್ದುನಿಂತಿತು. ವಿಷುವದ ದಿನಗಳಲ್ಲಿ, ಅಂದರೆ ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಉದಯದ ಬೆಳಕು ಅದರ ಗರ್ಭಗೃಹದವರೆಗೆ ಹೋಗುತ್ತದೆ. ಅಲ್ಲಿ ಈಗ ಮೂರ್ತಿಯಿಲ್ಲ, ಪೂಜೆಯೂ ಇಲ್ಲ. ಬೆಳಕು ಮಾತ್ರ ಬಂದು ಹೋಗುತ್ತದೆ. 24 ಚಕ್ರಗಳ ಕೋನಾರ್ಕವನ್ನು ಕಟ್ಟಿಸಿದವನು ಗಂಗ ವಂಶದ ಒಂದನೆಯ ನರಸಿಂಹದೇವ, 13ನೆಯ ಶತಮಾನದಲ್ಲಿ. ಅದರ ಗರ್ಭಗುಡಿಯ ಶಿಖರ ಕುಸಿದಿದೆ, ಅದರ ಮುಂದಿನ ಮಂಟಪವಾದ ಜಗಮೋಹನದ ಒಳಭಾಗವನ್ನು 1903ರಲ್ಲಿ ಬ್ರಿಟಿಷ್ ಆಡಳಿತ ಮರಳು ತುಂಬಿಸಿ ಮುಚ್ಚಿಸಿತು. ಆದ್ದರಿಂದ ಕೋನಾರ್ಕದಲ್ಲಿ ಬೆಳಕು ದೇವರನ್ನು ಮುಟ್ಟುತ್ತಿದ್ದ ಬಗೆಯ ಬಗ್ಗೆ ಕೇಳಿಬರುವ ಕಥೆಗಳನ್ನು ಪರೀಕ್ಷಿಸುವ ದಾರಿಯೇ ಮುಚ್ಚಿದೆ.

ಕನ್ನಡ ನಾಡಿನಲ್ಲಿ ಸೂರ್ಯನ ಸ್ವತಂತ್ರ ಗುಡಿಗಳು ಕಡಿಮೆ. ಐಹೊಳೆಯ ದುರ್ಗದ ಗುಡಿಯ ಮಹಾದ್ವಾರದಲ್ಲಿರುವ ಬಾದಾಮಿ ಚಾಲುಕ್ಯರ ಕಾಲದ ಶಾಸನ ಆದಿತ್ಯನ ಗುಡಿಗೆ ಬಿಟ್ಟ ದತ್ತಿಯನ್ನು ಹೇಳುವುದರಿಂದ, ಅದು ಮೂಲತಃ ಸೂರ್ಯನ ಗುಡಿಯೇ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ನಂದಿ ಮಂಟಪದ ಹಿಂಬದಿಯಲ್ಲಿ ಸುಮಾರು ಏಳು ಅಡಿ ಎತ್ತರದ ಸೂರ್ಯನ ಮೂರ್ತಿಯಿದೆ. ಲಿಂಗ, ನಂದಿ, ಸೂರ್ಯ ಒಂದೇ ಸಾಲಿನಲ್ಲಿ ನಿಂತಿರುವ ಆ ಕಟ್ಟಡದಲ್ಲಿ ಸೂರ್ಯನಿಗೆ ಸಲ್ಲಬೇಕಾದ ಸ್ಥಾನವನ್ನು ಶಿಲ್ಪಿಗಳು ಸರಿಯಾಗಿ ಗುರುತಿಸಿದ್ದಾರೆ. ದಕ್ಷಿಣ ಕನ್ನಡದ ನಾರಾವಿ ಮತ್ತು ಮಂಗಳೂರಿನ ಮರೋಳಿಯಲ್ಲಿ ಸೂರ್ಯನಾರಾಯಣನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತದೆ. ಉಳಿದ ಹೆಚ್ಚಿನ ಕಡೆ ಅವನು ನವಗ್ರಹಗಳ ನಡುವೆ ನಿಂತುಬಿಟ್ಟ.

ಬೆಳಕು ಗರ್ಭಗುಡಿಗೆ ಬರುವುದರ ಹಿಂದಿನ ಲೆಕ್ಕ ಕಷ್ಟದ್ದಲ್ಲ, ಆದರೆ ನಾಜೂಕಿನದು. ಗುಡಿ ಕಟ್ಟುವ ಮೊದಲ ಕೆಲಸವೇ ದಿಕ್ಕು ಗುರುತಿಸುವುದು. ಕಾತ್ಯಾಯನ ಶುಲ್ಬಸೂತ್ರದಲ್ಲೂ ಮಯಮತ, ಮಾನಸಾರಗಳಂಥ ವಾಸ್ತು ಗ್ರಂಥಗಳಲ್ಲೂ ಅದಕ್ಕೆ ಹೇಳಿರುವ ಸಾಧನ ಒಂದು ಶಂಕು, ಅಂದರೆ ನೆಟ್ಟಗೆ ನಿಲ್ಲಿಸಿದ ಗೂಟ. ಅದರ ಸುತ್ತ ವೃತ್ತ ಎಳೆದು, ಬೆಳಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟುವ ಬಿಂದುವನ್ನೂ ಮಧ್ಯಾಹ್ನದ ನಂತರ ಮುಟ್ಟುವ ಬಿಂದುವನ್ನೂ ಸೇರಿಸಿದರೆ ಪೂರ್ವ–ಪಶ್ಚಿಮ ರೇಖೆ ಸಿಗುತ್ತದೆ. ಈ ರೇಖೆಯ ಮೇಲೆ ಕಟ್ಟಿದ ಗುಡಿಗೆ ವಿಷುವದ ಆಸುಪಾಸಿನಲ್ಲಿ ನೇರ ಬೆಳಕು ಬರುತ್ತದೆ. ರೇಖೆ ಉತ್ತರಕ್ಕೋ ದಕ್ಷಿಣಕ್ಕೋ ಸ್ವಲ್ಪ ವಾಲಿದ್ದರೆ ಬೆಳಕು ಬರುವ ದಿನವೂ ಬದಲಾಗುತ್ತದೆ. ಗರ್ಭಗುಡಿಗೆ ಇರುವುದು ಒಂದೇ ಬಾಗಿಲು; ಅದರ ಮುಂದೆ ಅಂತರಾಳ, ನವರಂಗ, ಮುಖಮಂಟಪ. ಇಷ್ಟು ಉದ್ದದ ಕತ್ತಲೆಯನ್ನು ದಾಟಲು ಬೆಳಕು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬರಬೇಕು. ಅದಕ್ಕೇ ಈ ಸೇವೆಗಳು ಬಹುಪಾಲು ಉದಯಕ್ಕೋ ಅಸ್ತಕ್ಕೋ ಹೊಂದಿಕೊಂಡಿವೆ.

ಅವಧಿಯ ಗುಟ್ಟೂ ಇಲ್ಲಿಯೇ ಇದೆ. ಸೂರ್ಯಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. ಆಕಾಶದಲ್ಲಿ ಅಷ್ಟು ದೂರ ಸರಿಯಲು ಅದಕ್ಕೆ ಎರಡು ನಿಮಿಷ ಸಾಕು. ಕಿರಿದಾದ ಬಾಗಿಲಿನಿಂದ ಬಂದ ಬೆಳಕು ಕೆಲವೇ ನಿಮಿಷ ನಿಲ್ಲುವುದು ಹೀಗಾಗಿ. ಇನ್ನು ದಿನಗಳ ಸಂಖ್ಯೆ. ವಿಷುವದ ಹತ್ತಿರ ಸೂರ್ಯ ದಿನಕ್ಕೆ ಸುಮಾರು 0.4 ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತಾನೆ, ಅಯನದ ತಿರುವಿನಲ್ಲಿ ಹೆಚ್ಚುಕಡಿಮೆ ನಿಂತೇಬಿಡುತ್ತಾನೆ. ಆದ್ದರಿಂದ ಮಾರ್ಚ್, ಅಕ್ಟೋಬರಿನ ಸ್ಪರ್ಶ ಎರಡು ಮೂರು ದಿನಕ್ಕೆ ಮುಗಿದರೆ, ಡಿಸೆಂಬರಿನ ಆಚೀಚಿನದು ಹೆಚ್ಚು ದಿನ ಉಳಿಯುತ್ತದೆ. ವರ್ಷಕ್ಕೆ ಎರಡು ಬಾರಿ ಏಕೆ ಎಂಬುದಕ್ಕೂ ಇದೇ ಉತ್ತರ: ದಕ್ಷಿಣಕ್ಕೆ ಹೋಗುವಾಗ ಒಮ್ಮೆ, ಮರಳಿ ಬರುವಾಗ ಒಮ್ಮೆ ಸೂರ್ಯ ಅದೇ ಜಾಗವನ್ನು ದಾಟಲೇಬೇಕು.

ಆಂಧ್ರದ ಶ್ರೀಕಾಕುಳಂ ಪಕ್ಕದ ಅರಸವಿಲ್ಲಿ ಈ ನಿಯಮಕ್ಕೆ ಒಳ್ಳೆಯ ನಿದರ್ಶನ. ಕಳಿಂಗದ ಗಂಗ ಅರಸ ದೇವೇಂದ್ರವರ್ಮ ಕಟ್ಟಿಸಿದನೆಂದು ಹೇಳುವ ಈ ಸೂರ್ಯನಾರಾಯಣ ದೇವಾಲಯದಲ್ಲಿ ಮಾರ್ಚ್ ಎರಡನೆಯ ವಾರದಲ್ಲೂ ಅಕ್ಟೋಬರ್ ಮೊದಲ ದಿನಗಳಲ್ಲೂ ಬೆಳಗಿನ ಬಿಸಿಲು ಸ್ವಾಮಿಯ ಪಾದದಿಂದ ಮೇಲೇರುತ್ತದೆ. ಕುಂಭಕೋಣದ ನಾಗೇಶ್ವರದಲ್ಲಿ ತಮಿಳು ಚಿತ್ತಿರೈ ತಿಂಗಳ 11, 12, 13ರಂದು ಬೆಳಕು ಲಿಂಗಕ್ಕೆ ಬೀಳುತ್ತದೆ.

ಕೊಲ್ಲಾಪುರದ ಮಹಾಲಕ್ಷ್ಮಿಯ ವಿಷಯ ಕನ್ನಡಿಗರಿಗೆ ಹತ್ತಿರದ್ದು. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಕುಲದೇವತೆ ಅವಳು. ಶಿಲಾಹಾರರ ಕಾಲದ ಕನ್ನಡ ಶಾಸನಗಳು ಆ ಸೀಮೆಯಲ್ಲಿವೆ. ದೇವಿ ಪಶ್ಚಿಮಾಭಿಮುಖಿ, ಹಾಗಾಗಿ ಇಲ್ಲಿ ಸೇವೆ ಸಂಜೆಯದು. ನವೆಂಬರ್ 9, 10, 11 ಮತ್ತು ಜನವರಿ 31, ಫೆಬ್ರವರಿ 1, 2 ಸಂಪ್ರದಾಯದ ದಿನಗಳು. ಮೊದಲ ದಿನ ಪಾದ, ಎರಡನೆಯ ದಿನ ಎದೆ, ಮೂರನೆಯ ದಿನ ಇಡೀ ಮೂರ್ತಿ ಬೆಳಗುತ್ತದೆಂಬುದು ಭಕ್ತರ ಎಣಿಕೆ. ಬೆಳಕು ಮುಖಕ್ಕೆ ತಲುಪಿದೊಡನೆ ಆರತಿ ಎತ್ತುತ್ತಾರೆ. ಆದರೆ ಎಷ್ಟೋ ವರ್ಷ ಕಿರಣ ಮೇಲಿನವರೆಗೆ ತಲುಪಿಲ್ಲ. ಮೋಡ, ದೂಳು ಕಾರಣವಾಗಿರುವುದುಂಟು. ಆದರೆ ಮಹಾದ್ವಾರದ ಆಚೆ ಎದ್ದ ಕಟ್ಟಡಗಳು ಕಿರಣದ ದಾರಿಗೆ ಅಡ್ಡ ಬಂದದ್ದೂ ಉಂಟು. ಅಂಥ ಅಡ್ಡಿಗಳನ್ನು ಗುರುತಿಸಿ ತೆಗೆಸುವ ಬೇಡಿಕೆ ಅಲ್ಲಿ ಮತ್ತೆ ಮತ್ತೆ ಎದ್ದಿದೆ.

ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರ ಈ ಪರಂಪರೆಯಲ್ಲಿ ವಿಶೇಷವಾಗಿ ಅಧ್ಯಯನಕ್ಕೆ ಒಳಗಾದದ್ದು, ನಾಡಿನ ಬಹಳ ಜನ ನೋಡುವುದೂ ಅದನ್ನೇ. ಬಂಡೆಯ ಗವಿಯೊಳಗಿನ ಈ ಗುಡಿಯನ್ನು 16ನೆಯ ಶತಮಾನದಲ್ಲಿ ಕೆಂಪೇಗೌಡರು ಅಭಿವೃದ್ಧಿಪಡಿಸಿದರೆಂಬುದು ಪ್ರತೀತಿ. ಅಂಗಳದಲ್ಲಿ ಏಕಶಿಲೆಯ ಸೂರ್ಯಪಾನ, ಚಂದ್ರಪಾನ ಎಂಬ ದೊಡ್ಡ ದುಂಡು ಫಲಕಗಳೂ ತ್ರಿಶೂಲ, ಡಮರುಗಳೂ ನಿಂತಿವೆ. ಮಕರ ಸಂಕ್ರಾಂತಿಯ ಸಂಜೆ ನೈರುತ್ಯದಲ್ಲಿ ಇಳಿಯುವ ಸೂರ್ಯನ ಬೆಳಕು ಕಿಟಕಿಯ ಮೂಲಕ ತೂರಿ, ನಂದಿಯ ಕೊಂಬುಗಳ ನಡುವೆ ಹಾದು ಲಿಂಗಕ್ಕೆ ತಾಗುತ್ತದೆ. ಆ ಹೊತ್ತಿಗೆ ಕ್ಷೀರಾಭಿಷೇಕ, ಮಂಗಳಾರತಿ ನಡೆಯುತ್ತವೆ. ಒಳಗೆ ಜಾಗವಿಲ್ಲದ ಜನ ಹೊರಗೆ ಪರದೆಯ ಮುಂದೆ ಕಾಯುತ್ತಾರೆ, ಇಡೀ ರಾಜ್ಯ ಟಿವಿಯಲ್ಲಿ ನೋಡುತ್ತದೆ. ಮೋಡ ಕವಿದ ವರ್ಷ ಬೆಳಕು ಬರುವುದಿಲ್ಲ. ಆಗ ಅಪಶಕುನದ ಮಾತೆತ್ತುವುದು ಸರಿಯಲ್ಲ. ಸೂರ್ಯ ಆ ಹೊತ್ತಿಗೆ ತನ್ನ ಜಾಗದಲ್ಲಿ ಇದ್ದೇ ಇರುತ್ತಾನೆ.

ಬೆಂಗಳೂರಿನ ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಈ ಗುಡಿಯ ಬೆಳಕಿನ ದಾರಿಯನ್ನು ಅಳೆದು 2008ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಲಿಂಗಕ್ಕೆ ಬೆಳಕು ಬೀಳುವುದು ಜನವರಿ 13ರಿಂದ 16ರವರೆಗೆ ಮಾತ್ರವಲ್ಲ, ನವೆಂಬರ್ 26ರಿಂದ ಡಿಸೆಂಬರ್ 2ರವರೆಗೂ ಎಂದು ಅವರು ತೋರಿಸಿದರು. ನವೆಂಬರಿನ ಈ ಬೆಳಕನ್ನು ಕಾಯುವವರು ಯಾರೂ ಇಲ್ಲ, ಏಕೆಂದರೆ ಅಂದು ಹಬ್ಬವಿಲ್ಲ. ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಇಂಗ್ಲಿಷ್ ಚಿತ್ರಕಾರರು 1792ರಲ್ಲಿ ಈ ಗುಡಿಯ ಚಿತ್ರ ಬರೆದಿದ್ದಾರೆ. ಅದರಲ್ಲಿ ಇಂದಿನಷ್ಟು ಕಟ್ಟಡಗಳಿಲ್ಲ. ಆಗ ಅಯನ ಸಂಕ್ರಮಣಗಳ ಬೆಳಕು ಗುಡಿಯನ್ನು ಹೊಗುತ್ತಿತ್ತು, ಮುಂದೆ ಸೇರಿಸಿದ ಗೋಡೆಗಳು ದಾರಿಯನ್ನು ಬದಲಿಸಿದವು ಎಂಬುದು ಅಧ್ಯಯನದ ತೀರ್ಮಾನ.

ಇನ್ನೊಂದು ಸಂಗತಿಯೂ ಇದಕ್ಕೆ ಸೇರುತ್ತದೆ. ನಮ್ಮ ಪಂಚಾಂಗದ ಮಕರ ಸಂಕ್ರಾಂತಿ ನಕ್ಷತ್ರಗಳ ಹಿನ್ನೆಲೆಯಲ್ಲಿ ಎಣಿಸಿದ್ದು. ಭೂಮಿಯ ಅಕ್ಷದ ನಿಧಾನ ತಿರುಗುವಿಕೆಯಿಂದ ಅದು ಸುಮಾರು 72 ವರ್ಷಕ್ಕೆ ಒಂದು ದಿನ ಮುಂದೆ ಸರಿಯುತ್ತದೆ. ಸುಮಾರು 1700 ವರ್ಷಗಳ ಹಿಂದೆ ಸಂಕ್ರಾಂತಿಯೂ ಉತ್ತರಾಯಣದ ನಿಜವಾದ ತಿರುವೂ ಒಂದೇ ದಿನ ಬರುತ್ತಿದ್ದವು. ಕೆಂಪೇಗೌಡರ ಕಾಲದ ಸಂಕ್ರಾಂತಿ ಇಂದಿನ ಕ್ಯಾಲೆಂಡರಿನ ಲೆಕ್ಕದಲ್ಲಿ ಜನವರಿ 8ರ ಸುಮಾರಿಗೆ ಬರುತ್ತಿತ್ತು. ಹಾಗಾಗಿ ಈಗಿನ ಕಿಟಕಿಗೂ ಈಗಿನ ಹಬ್ಬಕ್ಕೂ ಇರುವ ಹೊಂದಾಣಿಕೆ ನಮ್ಮ ಕಾಲಕ್ಕೆ ದೊರೆತದ್ದು. ಒಂದೆರಡು ಶತಮಾನಗಳಲ್ಲಿ ಸಂಕ್ರಾಂತಿ ಆ ನಾಲ್ಕು ದಿನಗಳನ್ನು ದಾಟಿ ಹೋಗುತ್ತದೆ. ಇದರಿಂದ ಸೇವೆಯ ಬೆಲೆ ಕಡಿಮೆಯಾಗುವುದಿಲ್ಲ. ಲೆಕ್ಕ ಗೊತ್ತಿದ್ದೂ ಆ ಸಂಜೆ ಲಿಂಗ ಬಂಗಾರದ ಬಣ್ಣಕ್ಕೆ ತಿರುಗಿದಾಗ ಕೈ ತಾನಾಗಿ ಮುಗಿಯುತ್ತದೆ.

ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಬೆಳಕಿನ ಕೆಲಸ ಬೇರೆ. 14ನೆಯ ಶತಮಾನದ ಈ ಗುಡಿಯ ನವರಂಗದ 12 ಕಂಬಗಳಲ್ಲಿ 12 ರಾಶಿಗಳ ಚಿಹ್ನೆಗಳಿವೆ. ಸೂರ್ಯ ಯಾವ ರಾಶಿಯಲ್ಲಿರುವನೋ ಆ ಕಂಬಕ್ಕೆ ಬೆಳಗಿನ ಕಿರಣ ಬೀಳುತ್ತದೆಂಬುದು ಅಲ್ಲಿನ ಪರಂಪರೆಯ ಮಾತು.

ಈ ಚರಿತ್ರೆಯ ಇತ್ತೀಚಿನ ಘಟ್ಟ ಅಯೋಧ್ಯೆ. 2024ರ ಏಪ್ರಿಲ್ 17ರ ರಾಮನವಮಿಯ ನಡುಹಗಲಲ್ಲಿ, ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ ಬಾಲರಾಮನ ಹಣೆಗೆ ಸೂರ್ಯತಿಲಕ ಬಿತ್ತು. ನಡುಹಗಲ ಸೂರ್ಯ ಬಹಳ ಎತ್ತರದಲ್ಲಿರುವುದರಿಂದ ಬಾಗಿಲಿನ ಬೆಳಕು ಇಲ್ಲಿ ನಡೆಯದು. ಮೇಲಂತಸ್ತಿನಿಂದ ಕನ್ನಡಿ, ಲೆನ್ಸುಗಳ ಮೂಲಕ ಬೆಳಕನ್ನು ಕೆಳಕ್ಕೆ ತರಬೇಕಾಯಿತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯೊಂದಿಗೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಇದರ ಲೆಕ್ಕ ಮಾಡಿತು. ರಾಮನವಮಿ ಚಾಂದ್ರಮಾನದ ಹಬ್ಬವಾದ್ದರಿಂದ ಪ್ರತಿವರ್ಷ ಬೇರೆ ದಿನ ಬರುತ್ತದೆ, ಸೂರ್ಯನ ಎತ್ತರವೂ ಬೇರೆ. 19 ವರ್ಷಕ್ಕೊಮ್ಮೆ ಚಾಂದ್ರ, ಸೌರ ಲೆಕ್ಕಗಳು ಕೂಡಿಬರುವುದನ್ನು ಆಧರಿಸಿ ಮೊದಲ ಕನ್ನಡಿಯ ಓರೆಯನ್ನು ತಿದ್ದುವ ಗೇರುಗಳನ್ನು ಜೋಡಿಸಿದ್ದಾರೆ, ವಿದ್ಯುತ್ತಿನ ಹಂಗಿಲ್ಲ. ಗೂಟದ ನೆರಳಿನಿಂದ ದಿಕ್ಕು ಹಿಡಿದ ಸ್ಥಪತಿಗಳ ಕೆಲಸದ ಮುಂದುವರಿಕೆ ಇದು, ಅದಕ್ಕೆ ಹೊರತಾದದ್ದಲ್ಲ.

ಶಿಲ್ಪವನ್ನು ಬೇಲಿ ಹಾಕಿ ಕಾಯಬಹುದು. ಕಿರಣದ ದಾರಿ ಗುಡಿಯ ಎಲ್ಲೆಯ ಹೊರಗೆ, ಬೇರೆಯವರ ನಿವೇಶನಗಳ ಮೇಲೆ ಹಾದು ಬರುತ್ತದೆ. ಗವಿಪುರದ ನೈರುತ್ಯದಲ್ಲಿ, ಕೊಲ್ಲಾಪುರದ ಪಶ್ಚಿಮದಲ್ಲಿ ಒಂದು ಮಹಡಿ ಹೆಚ್ಚು ಎದ್ದರೆ ಸೇವೆ ನಿಂತೇ ಹೋಗಬಹುದು. ಸೂರ್ಯರಶ್ಮಿ ಸೇವೆಯಿರುವ ಪ್ರತಿ ಗುಡಿಯ ಮುಂದಿನ ಬೆಳಕಿನ ಹಾದಿಯನ್ನು ಅಳೆದು ನಕ್ಷೆಯಲ್ಲಿ ಗುರುತಿಸಬೇಕು, ಆ ಹಾದಿಯಲ್ಲಿ ಕಟ್ಟಡಕ್ಕೆ ಅನುಮತಿ ಕೊಡುವ ಮೊದಲು ಸ್ಥಳೀಯ ಆಡಳಿತಗಳು ಆ ನಕ್ಷೆಯನ್ನು ನೋಡಬೇಕು.