ಶಾಂತಿನಿಕೇತನದ ಚೀನಾಭವನ

ಒಂದು ನಾಡಿನ ಜ್ಞಾನವು ಆ ನಾಡಿನಲ್ಲಿಯೇ ಸುರಕ್ಷಿತವಾಗಿ ಉಳಿಯುವುದೆಂಬ ನಿಯಮವಿಲ್ಲ. ಸಿರುಗುಪ್ಪದ ಸೀಮೆಯ ನಿಟ್ಟೂರು, ಉದೆಗೋಳಗಳಲ್ಲಿ ಅಶೋಕನ ಹೆಸರನ್ನೇ ಹೊತ್ತ ಧರ್ಮಲಿಪಿಗಳು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕಿ ಬಂಡೆಯ ಮೇಲೆ ನಿಂತಿವೆ. ಕುರುಗೋಡಿನ ಸಿಂದರ ದಾನಧರ್ಮಗಳೂ ಶಿಲೆಯಲ್ಲಿ ಉಳಿದುಬಂದಿವೆ. ಆದರೆ ಓಲೆಗೆ ಶಿಲೆಯ ಆಯುಸ್ಸಿಲ್ಲ. ಬೌದ್ಧಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಎಷ್ಟೋ ಗ್ರಂಥಗಳು ಭರತಖಂಡದಲ್ಲಿ ನಾಮಾವಶೇಷವಾಗಿ, ಚೀನೀ ಹಾಗೂ ಟಿಬೆಟಿನ ಅನುವಾದಗಳಲ್ಲಿ ಮಾತ್ರ ಜೀವ ಹಿಡಿದುಕೊಂಡವು. ಆ ನಿಧಿಯನ್ನು ಮರಳಿ ತರುವ ಉದ್ದೇಶದಿಂದಲೂ ಎದ್ದ ವಿದ್ಯಾಮಂದಿರವೇ ಚೀನಾಭವನವು.

ವಿಶ್ವಭಾರತಿಯಲ್ಲಿ ಈ ವ್ಯಾಸಂಗಕ್ಕೆ ನಾಂದಿ ಹಾಡಿದವರು 1921ರಲ್ಲಿ ಬಂದ ಫ್ರಾನ್ಸಿನ ಪಂಡಿತ ಸಿಲ್ವಾಂ ಲೆವಿಯವರು. 1924ರಲ್ಲಿ ರವೀಂದ್ರನಾಥ ಠಾಕೂರರು ಚೀನಾದೇಶದಲ್ಲಿ ಸಂಚರಿಸಿದರು. 1927ರಲ್ಲಿ ಅವರನ್ನು ಕಂಡ ತಾನ್ ಯುನ್‌ಶಾನ್ ಎಂಬ ತರುಣ ವಿದ್ವಾಂಸನು ಮರುವರ್ಷವೇ ಶಾಂತಿನಿಕೇತನಕ್ಕೆ ಬಂದನು. ಮುಂದೆ ಸ್ವದೇಶದಲ್ಲಿ ಸಂಚರಿಸಿ ಧನವನ್ನೂ ಗ್ರಂಥಗಳನ್ನೂ ಕೂಡಿಸಿದನು. 1937ನೆಯ ಏಪ್ರಿಲ್ 14ರಂದು, ವಂಗೀಯರ ಹೊಸವರ್ಷದ ಹೊತ್ತಿನಲ್ಲಿ, ಭವನದ ಪ್ರಾರಂಭೋತ್ಸವವು ನಡೆಯಿತು. ಜವಾಹರಲಾಲ ನೆಹರೂ ಅವರು ಅಸ್ವಸ್ಥರಾದುದರಿಂದ ಅವರ ಸಂದೇಶವನ್ನು ಪುತ್ರಿ ಇಂದಿರಾ ತಂದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಜಪಾನು ಚೀನಾದ ಮೇಲೆ ಪೂರ್ಣಯುದ್ಧವನ್ನು ಹೂಡಿತು. ಯುದ್ಧದ ಬೆಂಕಿಗೆ ಮುನ್ನವೇ ಪುಸ್ತಕಗಳ ಒಂದು ಭಾಗವು ಈ ಕಡೆಗೆ ದಾಟಿದ್ದುದು ಸುದೈವವೆನ್ನಬೇಕು.

ಎರಡಂತಸ್ತಿನ ಈ ಮಂದಿರದ ಪ್ರಾಣವೆಂದರೆ ಗ್ರಂಥಭಂಡಾರ. ಚೀನೀ ತ್ರಿಪಿಟಕವೂ ಅಲ್ಲಿದೆ. ಭಿತ್ತಿಗಳ ಮೇಲೆ 1942ರಲ್ಲಿ ನಂದಲಾಲ ಬಸು ಅವರು ‘ನಟೀರ ಪೂಜಾ’ ನಾಟಕದ ಪ್ರಸಂಗವನ್ನೂ, ವಿನೋದಬಿಹಾರಿ ಮುಖರ್ಜಿಯವರು ಆಶ್ರಮಜೀವನವನ್ನೂ ಚಿತ್ರಿಸಿದರು.

ಇಲ್ಲಿಯ ವ್ಯಾಸಂಗದ ಸಾರ್ಥಕ್ಯಕ್ಕೆ ಒಂದೇ ನಿದರ್ಶನ ಸಾಕು. ಸಿರುಗುಪ್ಪದ ಬಳಿ ಹರಿಯುವ ತುಂಗಭದ್ರೆಯು ಕೃಷ್ಣೆಯನ್ನು ಕೂಡುವಳಷ್ಟೆ. ಆ ಕೃಷ್ಣೆಯ ಕೆಳದಡದ ಧಾನ್ಯಕಟಕದಲ್ಲಿ ಭಾವವಿವೇಕನೆಂಬ ಆಚಾರ್ಯನಿದ್ದನೆಂದು ಹ್ಯುಯೆನ್‌ತ್ಸಾಂಗನು ಬರೆದಿದ್ದಾನೆ. ಆ ಆಚಾರ್ಯನ ‘ಕರತಲರತ್ನ’ದ ಸಂಸ್ಕೃತಮೂಲವು ನಷ್ಟವಾಗಿ, ಹ್ಯುಯೆನ್‌ತ್ಸಾಂಗನು ಮಾಡಿದ ಚೀನೀ ಭಾಷಾಂತರವು ಮಾತ್ರ ಉಳಿಯಿತು. ಅದನ್ನು ಅಯ್ಯಾಸ್ವಾಮಿ ಶಾಸ್ತ್ರಿಗಳು ಪುನಃ ಸಂಸ್ಕೃತಕ್ಕೆ ತಿರುಗಿಸಲು, 1949ರಲ್ಲಿ ವಿಶ್ವಭಾರತಿಯು ಪ್ರಕಟಿಸಿತು. ದಕ್ಷಿಣದ ಮಾತು ಸಾವಿರದ ಮುನ್ನೂರು ವರ್ಷಗಳ ಮೇಲೆ, ಪರಭಾಷೆಯ ದಾರಿಯಿಂದ, ಮನೆಗೆ ಮರಳಿತು.

1962ರಲ್ಲಿ ಎರಡು ದೇಶಗಳಿಗೆ ಗಡಿಯ ಯುದ್ಧವೇ ಸಂಭವಿಸಿತು. ಆದರೂ ಭವನದ ಬಾಗಿಲು ಮುಚ್ಚಲಿಲ್ಲ. ತಾನ್ ಯುನ್‌ಶಾನರು 1983ರಲ್ಲಿ ಬುದ್ಧಗಯೆಯಲ್ಲಿ ದೇಹವಿಟ್ಟರು. ನೆರೆಯವನೊಡನೆ ವ್ಯಾಜ್ಯವಿರುವಾಗ ಅವನ ಭಾಷೆಯನ್ನು ಕಲಿಯುವುದೇಕೆಂದು ಕೇಳುವವರುಂಟು. ನಮ್ಮ ಪೂರ್ವಿಕರ ಒಡವೆಯನ್ನು ಅವನು ಕಾಪಾಡಿದ್ದಾನೆ, ಬೀಗದ ಕೈ ಅವನ ಭಾಷೆಯಲ್ಲಿದೆ, ಎಂಬುದೇ ಅದಕ್ಕೆ ಉತ್ತರ. ಬಳ್ಳಾರಿಯ ಮನೆಗಳಿಂದ ಒಬ್ಬಿಬ್ಬರು ತರುಣರಾದರೂ ಆ ಬೀಗದ ಕೈಯನ್ನು ಹಿಡಿದರೆ, ನಿಟ್ಟೂರಿನ ಬಂಡೆಯನ್ನು ಓದುವ ಕಣ್ಣು ಇನ್ನಷ್ಟು ವಿಶಾಲವಾದೀತು.