ನೀಲಗಿರಿಯ ಶೋಲಾ ಮತ್ತು ಹುಲ್ಲುಗಾವಲು: ಒಂದು ಮರುನೆಡುವಿಕೆಯ ಇತಿಹಾಸ

ಮೈಸೂರು ಸೀಮೆಯಲ್ಲಿ ‘ನೀಲಗಿರಿ’ ಎಂದೊಡನೆ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು ಬೆಟ್ಟವಲ್ಲ, ಮರ. ಆಸ್ಟ್ರೇಲಿಯಾ ಮೂಲದ ಯೂಕಲಿಪ್ಟಸ್ಸಿಗೆ ಕನ್ನಡದಲ್ಲಿ ನೀಲಗಿರಿ ಮರವೆಂದೇ ಹೆಸರು. ನೆಗಡಿಯಾದಾಗ ಹಚ್ಚಿಕೊಳ್ಳುವ ಎಣ್ಣೆಯೂ ನೀಲಗಿರಿ ಎಣ್ಣೆಯೇ. ಬಂದ ಅತಿಥಿ ಮನೆಯ ಹೆಸರನ್ನೇ ತನ್ನದಾಗಿಸಿಕೊಂಡ ಪ್ರಸಂಗವಿದು. ಬೆಟ್ಟದ ಹೆಸರಾದರೋ ಆ ಮರದ ಆಗಮನಕ್ಕಿಂತ ಏಳು ಶತಮಾನಗಳಷ್ಟು ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ತೊದವರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡನೆಂದು ಚಾಮರಾಜನಗರದ 1117ರ ಕನ್ನಡ ಶಾಸನ ಸಾರುತ್ತದೆ.

ಆ ದಂಡು ಕಂಡ ಬೆಟ್ಟ ಇಂದಿನಂತಿರಲಿಲ್ಲ. ಎತ್ತರದ ನೀಲಗಿರಿಯಲ್ಲಿ ಇಳಿಜಾರುಗಳ ತುಂಬ ಹುಲ್ಲು. ಹಳ್ಳ ಹರಿಯುವ ಕಣಿವೆಯ ಮಡಿಲುಗಳಲ್ಲಿ ಮಾತ್ರ ಗಿಡ್ಡನೆಯ, ದಟ್ಟವಾದ ನಿತ್ಯಹರಿದ್ವರ್ಣದ ಕಾಡು. ಈ ಕಾಡಿಗೆ ತಮಿಳಿನ ಸೋಲೈ ಎಂಬ ಮಾತಿನಿಂದ ಶೋಲಾ ಎಂಬ ಹೆಸರು ನಿಂತಿದೆ. ಸುರಿದ ಮಳೆ ಹುಲ್ಲಿನ ಬೇರುಗಳ ನಡುವೆ ಇಂಗಿ, ಶೋಲಾದ ಬುಡದಲ್ಲಿ ಒಸರಿ, ಭವಾನಿ, ಮೋಯಾರ್ ಹೊಳೆಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಹುಲ್ಲಿನ ಮೇಲೆ ತೊದವರ ಎಮ್ಮೆಗಳು ಮೇಯುತ್ತಿದ್ದವು. ಬಡಗರು ರಾಗಿ, ಸಾಮೆ ಬೆಳೆಯುತ್ತಿದ್ದರು. ಕೋತರು ಕಬ್ಬಿಣದ ಕೆಲಸ ಮಾಡುತ್ತಿದ್ದರು. ಕುರುಂಬರು ಕಾಡಿನ ಜೇನು ತರುತ್ತಿದ್ದರು. ಇವರ ನುಡಿಗಳಲ್ಲಿ ಬೆಟ್ಟದ ಗಿಡಗಳಿಗೆಲ್ಲ ಹೆಸರಿತ್ತು. ಬಡಗ ನುಡಿಯಂತೂ ಕನ್ನಡದ ಒಡಹುಟ್ಟು. ಇಲ್ಲಿನ ಅತ್ಯುನ್ನತ ಶಿಖರದ ಹೆಸರು ದೊಡ್ಡಬೆಟ್ಟವೆಂದರೆ ಯಾವ ಕನ್ನಡಿಗನಿಗೂ ಅರ್ಥ ಹೇಳಬೇಕಾಗಿಲ್ಲ.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟವೇರಿದ ಮೇಲೆ ಊಟಿ, ಕೂನೂರು, ವೆಲ್ಲಿಂಗ್ಟನ್ ಬೆಳೆದವು. ಚಳಿಯ ಊರುಗಳಿಗೆ ಸೌದೆ ಬೇಕು. ಹತ್ತಿರದ ಶೋಲಾಗಳು ಕೊಡಲಿಗೆ ಬಿದ್ದವು. ಸೌದೆಯ ಕೊರತೆ ನೀಗಿಸಲೆಂದೇ ಬೇಗ ಬೆಳೆಯುವ ಆಸ್ಟ್ರೇಲಿಯಾದ ಮರಗಳು ಬಂದವು: 1830ರ ದಶಕದಲ್ಲಿ ವಾಟಲ್, 1843ರಲ್ಲಿ ಯೂಕಲಿಪ್ಟಸ್. ನೆಟ್ಟವರೆಲ್ಲ ಕೇಡು ಬಗೆದವರೆಂದು ನಾನು ಹೇಳಲಾರೆ. ಉಳಿದ ಶೋಲಾವನ್ನು ಕಾಯುವ ಉದ್ದೇಶವೂ ಅವರಲ್ಲಿ ಕೆಲವರಿಗಿತ್ತು. ಆದರೆ ಮರವಿಲ್ಲದ ನೆಲವೆಲ್ಲ ಬಂಜರು ಎಂಬ ಅವರ ಎಣಿಕೆ ಹುಲ್ಲುಗಾವಲನ್ನು ಖಾಲಿ ಜಾಗವೆಂದು ಕಡತಕ್ಕೇರಿಸಿತು. ಹುಲ್ಲುಗಾವಲಿಗೆ ಬಿದ್ದ ಮೊದಲ ಪೆಟ್ಟು ಈ ಒಂದು ಮಾತಿನದೇ.

ಅದೇ ಕಾಲದಲ್ಲಿ ಗಿಡಗಳನ್ನು ಗುರುತಿಸುವ ಬೇರೊಂದು ಕೆಲಸವೂ ನಡೆದಿತ್ತು. ರಾಬರ್ಟ್ ವೈಟ್‌ನ ಸಸ್ಯಗ್ರಂಥಗಳಿಗೆ ಚಿತ್ರ ಬರೆದವರು ರಂಗಯ್ಯ, ಗೋವಿಂದು ಎಂಬ ನಮ್ಮ ನಾಡಿನ ಕಲಾವಿದರು. ಮುಂದೆ ಮದ್ರಾಸಿನ ಪ್ರಾಧ್ಯಾಪಕ ಫೈಸನ್, ನೀಲಗಿರಿ ಮತ್ತು ಪಳನಿ ಬೆಟ್ಟಗಳ ಸಸ್ಯಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು; ಅದರ ಚಿತ್ರಗಳಲ್ಲಿ ಅವನ ಪತ್ನಿಯ ಕೈವಾಡವೂ ಉಂಟು. ಇಂದು ಕಳೆದುಹೋದ ಗಿಡವನ್ನು ಹುಡುಕಿ ನೆಡುವವರಿಗೆ ಈ ಪುಸ್ತಕಗಳೇ ಆಧಾರ.

ಸ್ವಾತಂತ್ರ್ಯಾನಂತರ ಪರಿಸ್ಥಿತಿ ಸುಧಾರಿಸಲಿಲ್ಲ, ಹದಗೆಟ್ಟಿತು. ಚರ್ಮ ಹದಮಾಡಲು ವಾಟಲ್ ತೊಗಟೆ ಬೇಕಾಯಿತು. ಸಿರುಮುಗೈಯ ರೇಯಾನ್ ಕಾರ್ಖಾನೆಗೆ ಮರದ ತಿರುಳು ಬೇಕಾಯಿತು. ಗುಡ್ಡದ ಮೇಲೆ ಗುಡ್ಡ ಹುಲ್ಲು ಮರೆಯಾಗಿ ನೆಡುತೋಪುಗಳೆದ್ದವು. 1950ರಿಂದ ನಡೆದುಬಂದ ವನಮಹೋತ್ಸವವೂ ಗಿಡ ಯಾವುದೆಂದು ವಿಚಾರಿಸುವ ಅಭ್ಯಾಸವನ್ನು ನಮ್ಮಲ್ಲಿ ಬೆಳೆಸಲಿಲ್ಲ.

1980ರ ದಶಕದಲ್ಲಿ ಗಾಳಿ ತಿರುಗಿತು. 1986ರಲ್ಲಿ ನೀಲಗಿರಿಯು ದೇಶದ ಮೊದಲ ಜೀವಗೋಳ ಮೀಸಲು ಪ್ರದೇಶವಾಯಿತು. 1987ರ ನವೆಂಬರಿನಿಂದ 1988ರ ಫೆಬ್ರುವರಿಯವರೆಗೆ ನಡೆದ ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆ ಹಳ್ಳಿಹಳ್ಳಿಗಳಲ್ಲಿ ಮಾತು ಹುಟ್ಟಿಸಿತು. ಸರ್ಕಾರವೂ ಹೊಸ ನೆಡುತೋಪುಗಳಿಂದ ಹಿಂದೆ ಸರಿಯಿತು. ಆದರೆ ನೆಟ್ಟದ್ದನ್ನು ತೆಗೆಯುವವರು ಯಾರು?

ಕೋಟಗಿರಿಯ ಅಂಚಿನಲ್ಲಿರುವ ಲಾಂಗ್‌ವುಡ್ ಶೋಲಾ ಈ ಪ್ರಶ್ನೆಗೆ ಊರಿನವರೇ ಕೊಟ್ಟ ಉತ್ತರ. ಸುಮಾರು 116 ಹೆಕ್ಟೇರಿನ ಈ ಕಾಡಿನ ನೀರು ಕೆಳಗಿನ ಹಲವು ಹಳ್ಳಿಗಳಿಗೆ ಆಸರೆ. ಸೌದೆ, ಒತ್ತುವರಿ, ಕಸ ಇವುಗಳಿಂದ ಕಾಡನ್ನು ಕಾಯಲು ಊರ ಸ್ವಯಂಸೇವಕರು ಕಾವಲು ಸಮಿತಿಯನ್ನು ಕಟ್ಟಿಕೊಂಡರು. ಅರಣ್ಯ ಇಲಾಖೆಯೊಡನೆ ಕೈಜೋಡಿಸಿದರು. ಶಾಲಾ ಮಕ್ಕಳನ್ನು ಕರೆತಂದು ಮರದ ಕೆಳಗೆ ನಿಲ್ಲಿಸಿ ಪಾಠ ಹೇಳಿದರು. 2024ರಲ್ಲಿ ಲಾಂಗ್‌ವುಡ್ ಶೋಲಾ ರಾಮ್ಸರ್ ಪಟ್ಟಿಗೆ ಸೇರಿದಾಗ ಕರ್ನಾಟಕದ ಅಂಕಸಮುದ್ರ, ಮಾಗಡಿ ಕೆರೆಗಳೂ ಅಘನಾಶಿನಿ ಅಳಿವೆಯೂ ಅದೇ ಪಟ್ಟಿಯಲ್ಲಿದ್ದವು. ಕೋಟಗಿರಿಯಲ್ಲೇ ನೆಲೆ ನಿಂತ ಕೀಸ್ಟೋನ್ ಸಂಸ್ಥೆ ಸ್ಥಳೀಯ ಸಸಿಗಳ ನರ್ಸರಿಗಳನ್ನು ಬೆಳೆಸಿದೆ.

ಈ ಕೆಲಸವನ್ನು ಮಾಡಿಯೇ ಕಲಿಯಬೇಕು. ಶೋಲಾ ಮರಗಳ ಬೀಜಗಳಲ್ಲಿ ಬಹಳಷ್ಟು ಒಣಗಿದರೆ ಸತ್ತಂತೆ. ರಾಗಿಯಂತೆ ಕಣಜದಲ್ಲಿಡಲು ಬರುವುದಿಲ್ಲ. ಹಣ್ಣು ಉದುರುವ ವಾರ ಯಾವುದೆಂದು ತಿಳಿದಿರಬೇಕು, ಆಯ್ದು ತಂದೊಡನೆ ಬಿತ್ತಬೇಕು, ಸಸಿ ಬಲಿಯಲು ವರ್ಷಗಟ್ಟಲೆ ಕಾಯಬೇಕು. ಕೆಂಪು ಹೂವಿನ ರೋಡೋಡೆಂಡ್ರಾನ್ ಬೀಜವೋ ಧೂಳಿನಷ್ಟು ಸಣ್ಣದು. ಹುಲ್ಲನ್ನು ಹಿಂಡಿಲಿನಿಂದ ಬೇರುಸಹಿತ ಎಸಳೆಸಳಾಗಿ ಬಿಡಿಸಿ, ಮಳೆಯ ತೇವದಲ್ಲಿ ಒಂದೊಂದಾಗಿ ಊರಬೇಕು. ಭತ್ತದ ನಾಟಿ ಬಲ್ಲ ಕೈಗೆ ಇದು ಹೊಸತಲ್ಲ. ಮರ ನೆಡುವುದೇ ಪುಣ್ಯವೆಂದು ಕೇಳಿ ಬೆಳೆದವರಿಗೆ ಮಾತ್ರ ಮರ ಕಿತ್ತು ಹುಲ್ಲು ನೆಡುವುದು ಒಗಟಾಗಿ ಕಾಣುತ್ತದೆ. ಎಳೆಯ ಸ್ವಯಂಸೇವಕರಿಗೆ ಈ ಒಗಟನ್ನು ಬಿಡಿಸಿ ಹೇಳುವುದಕ್ಕೇ ಅರ್ಧ ದಿನ ಬೇಕು.

ವಾಟಲ್ ಸುಲಭದ ವೈರಿಯಲ್ಲ. ಕಡಿದರೆ ಚಿಗುರುತ್ತದೆ, ಅದರ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರುತ್ತದೆ, ಬಿಸಿಲು ತಾಕಿದೊಡನೆ ಸಾವಿರಾರು ಮೊಳಕೆ. ಮಳೆಗಾಲದಲ್ಲಿ ನೆಲ ಸಡಿಲವಾಗಿರುವಾಗ ಮೊಳಕೆಗಳನ್ನು ಬೇರುಸಹಿತ ಕೀಳಬೇಕು, ಮರುವರ್ಷ ಮತ್ತೆ ಬರಬೇಕು. ಒಂದು ದಿನ ಬಂದು ಭಾವಚಿತ್ರ ತೆಗೆಸಿಕೊಂಡು ಹೋಗುವವರಿಂದ ಇದು ಸಾಗದು. ಹಾಗೆಂದು ವಾಟಲನ್ನೆಲ್ಲ ಒಮ್ಮೆಗೇ ಸವರುವುದೂ ಜಾಣತನವಲ್ಲ. ಹಳೆಯ ತೋಪುಗಳ ನೆರಳಿನಲ್ಲಿ ಶೋಲಾ ಸಸಿಗಳು ತಾವಾಗಿ ಹುಟ್ಟಿರುವುದುಂಟು. ಅಲ್ಲಿ ಕೊಡಲಿಗಿಂತ ತಾಳ್ಮೆ ಲೇಸು. ತಮಿಳುನಾಡು ಸರ್ಕಾರ 2022ರಲ್ಲಿ ಅನ್ಯಸಸ್ಯಗಳ ನಿವಾರಣೆಗೆ ನೀತಿಯನ್ನು ಹೊರಡಿಸಿದೆ. ಯಂತ್ರ, ಹಣ ಬಂದಾವು. ಎಲ್ಲಿ ಕೀಳಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಆಯಾ ಬೆಟ್ಟ ಬಲ್ಲವರನ್ನೇ ಕೇಳಬೇಕು.

ಕೇಳುವುದಕ್ಕೆ ತೊದವರು ಇನ್ನೂ ಇದ್ದಾರೆ. ಅವರ ದೇಗುಲಗಳ ಹೊದಿಕೆಗೆ ಎಲ್ಲ ಹುಲ್ಲೂ ಆಗದು. ಜೌಗಿನಲ್ಲಿ ಬೆಳೆಯುವ ಎರಿಯೋಕ್ರೈಸಿಸ್ ರಂಗಾಚಾರಿ ಎಂಬ ಹುಲ್ಲೇ ಬೇಕು. ಜೌಗುಗಳು ಬತ್ತಿ ತರಕಾರಿ ಹೊಲಗಳಾಗಿ, ತೋಪುಗಳಾಗಿ ಮಾರ್ಪಟ್ಟಂತೆ ಈ ಹುಲ್ಲು ವಿರಳವಾಗಿದೆ. ದಕ್ಷಿಣ ಭಾರತದ ಹುಲ್ಲುಗಳ ಮೇಲೆ 1921ರಲ್ಲಿ ಕೈಪಿಡಿ ಬರೆದ ಮದ್ರಾಸಿನ ವಿದ್ವಾಂಸ ರಂಗಾಚಾರ್ಯರ ಹೆಸರನ್ನು ಅದು ಹೊತ್ತಿದೆ. ಹೊದಿಕೆ ಹೊಸದು ಮಾಡುವ ಕಾಲ ಬಂದಾಗ ತೊದವರು ಅದನ್ನು ಹುಡುಕಿಕೊಂಡು ದೂರದ ಜೌಗುಗಳಿಗೆ ನಡೆಯುತ್ತಾರೆ.