ಸೈಕಲ್ಲಿನ ದೀಪ ಯಾರಿಗಾಗಿ?

ಕಳೆದ ಕಾರ್ತಿಕ ಮಾಸದ ಒಂದು ರಾತ್ರಿ ನಾನು ಕಾಲೇಜಿನ ಸಮಾರಂಭವೊಂದನ್ನು ಮುಗಿಸಿಕೊಂಡು ಸೈಕಲ್ಲಿನ ಮೇಲೆ ಮನೆಗೆ ಹಿಂದಿರುಗುತ್ತಿದ್ದೆ. ನಲವತ್ತು ದಾಟಿದ ಮೇಲೆ ವೈದ್ಯರ ಮಾತಿಗೆ ಕಟ್ಟುಬಿದ್ದು ಮತ್ತೆ ಸೈಕಲ್ಲು ಹತ್ತಿದವನು ನಾನು. ಕಾಲೇಜಿಗೂ ಮನೆಗೂ ನಡುವೆ ಒಂದು ಕೆರೆಯ ಏರಿಯಿದೆ. ಅದರ ಮೇಲೆ ಬೀದಿದೀಪಗಳಿಲ್ಲ. ಆ ಕತ್ತಲೆಗೆಂದೇ ನನ್ನ ಅಕ್ಕನ ಮಗ ಒಂದು ಎಲ್‌ಇಡಿ ಟಾರ್ಚನ್ನು ತಂದು, ರಬ್ಬರಿನ ಪಟ್ಟಿಯಿಂದ ಹ್ಯಾಂಡಲಿಗೆ ಬಿಗಿದುಕೊಟ್ಟಿದ್ದ. ನೋಡುವುದಕ್ಕೆ ಗೇಣುದ್ದವೂ ಇಲ್ಲ. ಗುಂಡಿ ಒತ್ತಿದರೆ ಏರಿಯ ಆ ತುದಿಯ ಅರಳಿಮರದ ಎಲೆಗಳೂ ಕಾಣುತ್ತಿದ್ದವು. ಅಷ್ಟು ಬೆಳಕನ್ನು ಮುಂದಿಟ್ಟುಕೊಂಡು ಹೋಗುವಾಗ ಮನಸ್ಸಿಗೆ ಒಂದು ಬಗೆಯ ದೊರೆತನ ಬರುವುದೇನೂ ಆಶ್ಚರ್ಯವಲ್ಲ.

ಎದುರಿನಿಂದ ಒಬ್ಬ ಮುದುಕರು ನಡೆದು ಬರುತ್ತಿದ್ದರು. ಅವರ ಕೈಯಲ್ಲಿಯೂ ಒಂದು ಟಾರ್ಚು ಇದ್ದಿತು. ನಮ್ಮ ಹಳ್ಳಿಗಳಲ್ಲಿ ಅದನ್ನು ‘ಬ್ಯಾಟರಿ’ ಎಂದೇ ಕರೆಯುತ್ತಾರೆ. ಅದರ ಬೆಳಕು ಅವರ ಕಾಲಿನ ಮುಂದೆ ಮೊರದಗಲದಷ್ಟು ನೆಲದ ಮೇಲೆ ಬಿದ್ದಿದ್ದಿತು. ನನ್ನ ಬೆಳಕು ಅವರ ಮುಖಕ್ಕೆ ಹೊಡೆಯಿತು. ಅವರು ತೋಳನ್ನು ಕಣ್ಣಿಗೆ ಅಡ್ಡ ಹಿಡಿದು ಪಕ್ಕಕ್ಕೆ ಸರಿದರು. ಏರಿಯ ಅಂಚು ಕಾಣದೆ ಕಾಲು ಜಾರಿ ಲಾಂಟಾನ ಪೊದೆಯೊಳಗೆ ಉರುಳಿದರು. ನಾನು ಇಳಿದು ಓಡಿ, “ಪೆಟ್ಟಾಯಿತೆ ಯಜಮಾನರೆ?” ಎಂದು ಕೈಹಿಡಿದು ಎತ್ತಿದೆ. ಮೊಣಕಾಲು ತರಚಿ ರಕ್ತ ಬಂದಿತ್ತು; ದೇವರ ದಯೆ, ಅದಕ್ಕಿಂತ ಹೆಚ್ಚಿನದೇನೂ ಆಗಿರಲಿಲ್ಲ. ಅವರು ಬೈಯಲಿಲ್ಲ. ಪಂಚೆ ಕೊಡವಿಕೊಳ್ಳುತ್ತ, “ನಿಮಗೆ ದಾರಿ ಕಾಣಬೇಕು ಅಂತ ನನ್ನ ದಾರೀನೇ ಅಳಿಸಿಬಿಟ್ರಲ್ಲ ಸ್ವಾಮಿ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಸೈಕಲ್ಲಿನ ದೀಪ ಇರುವುದು ಯಾರಿಗಾಗಿ ಎಂಬ ಪ್ರಶ್ನೆ ಮಾತ್ರ ಅಂದಿನಿಂದ ನನ್ನನ್ನು ಹಿಂಬಾಲಿಸಿ, ಕೊನೆಗೆ ಆ ದೀಪದ ಚರಿತ್ರೆಯನ್ನೇ ಓದುವಂತೆ ಮಾಡಿತು.

ಮುಂದಿನ ಚಕ್ರ ಆಳೆತ್ತರ, ಹಿಂದಿನದು ಅಂಗೈಯಗಲ ಎನ್ನುವಂತಿದ್ದ ವಿಚಿತ್ರ ಬೈಸಿಕಲ್ಲುಗಳು ಇಂಗ್ಲೆಂಡಿನಲ್ಲಿ ಓಡಾಡಿದ್ದು 1870ರ ದಶಕದಲ್ಲಿ. ಆಗಿನ ದೀಪ ಎಣ್ಣೆಯ ಲಾಂದ್ರ. ಅದನ್ನು ಮುಂದಿನ ದೊಡ್ಡ ಚಕ್ರದ ಕಡ್ಡಿಗಳ ನಡುವೆ, ಅಚ್ಚಿಗೆ ತೂಗುಹಾಕುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಾಸ್ ಎಂಬಾತ ಈ ಬಗೆಯ ಲಾಂದ್ರವನ್ನು ಮಾಡಿ ‘ಕಿಂಗ್ ಆಫ್ ದಿ ರೋಡ್’, ಎಂದರೆ ‘ಹಾದಿಯ ದೊರೆ’ ಎಂದು ಹೆಸರಿಟ್ಟ. ಕೆರೆಯ ಏರಿಯ ಮೇಲೆ ನನಗೆ ಬಂದಿದ್ದ ದೊರೆತನದ ಭಾವ ಹೊಸದೇನಲ್ಲವೆಂದು ಇದರಿಂದ ತಿಳಿಯಿತು. ಆದರೆ ಆ ಎಣ್ಣೆದೀಪ ಹಾದಿಯನ್ನು ತೋರಿಸುತ್ತಿದ್ದುದು ಅಷ್ಟಕ್ಕಷ್ಟೆ. ಗಾಳಿಗೆ, ಕುಲುಕಾಟಕ್ಕೆ ಅದು ಆರದೆ ಉಳಿದರೆ ಅದೇ ದೊಡ್ಡದು.

ಹಾಗಿದ್ದರೂ 1888ರಲ್ಲಿ ಇಂಗ್ಲೆಂಡು ಮತ್ತು ವೇಲ್ಸುಗಳ ಸ್ಥಳೀಯ ಆಡಳಿತದ ಶಾಸನ ಸೈಕಲ್ಲನ್ನು ಗಾಡಿಗಳ ಸಾಲಿಗೆ ಸೇರಿಸಿ, ಸೂರ್ಯಾಸ್ತದ ಒಂದು ಗಂಟೆಯ ಅನಂತರದಿಂದ ಸೂರ್ಯೋದಯಕ್ಕೆ ಒಂದು ಗಂಟೆ ಮುಂಚಿನವರೆಗೆ ಸವಾರಿ ಮಾಡುವವರೆಲ್ಲ ದೀಪ ಹಚ್ಚಿರಬೇಕೆಂದು ವಿಧಿಸಿತು. ಏತಕ್ಕಾಗಿ? ಸವಾರನಿಗೆ ಹಳ್ಳದಿಣ್ಣೆಗಳು ಕಾಣಲೆಂದಲ್ಲ. ಗಾಡಿಯೊಂದು ಬರುತ್ತಿದೆ, ಇಂಥ ಕಡೆ ಇದೆ ಎಂಬುದು ಇತರರಿಗೆ ತಿಳಿಯಲೆಂದು! ಶಾಸನಕಾರರ ದೃಷ್ಟಿಯಲ್ಲಿ ಸೈಕಲ್ಲಿನ ದೀಪ ಕಣ್ಣಲ್ಲ, ದನಿ. ಬೆಲ್ಲಿನ ಅಣ್ಣನೋ ತಮ್ಮನೋ ಎನ್ನಬಹುದು. ನನ್ನ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿಯೇ ದೊರೆಯಿತು. ದೀಪ ಹುಟ್ಟಿದ್ದು ಎದುರಿನವನಿಗಾಗಿ.

ಆದರೆ ಸವಾರರಿಗೆ ಕಾಣಿಸಿಕೊಳ್ಳುವುದಷ್ಟೇ ಸಾಲದು, ಕಾಣಲೂ ಬೇಕು. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರಗಳನ್ನು ಹೆಚ್ಚುಕಡಿಮೆ ಒಂದೇ ಅಳತೆಗೆ ತಂದು, ಸರಪಣಿಯಿಂದ ಓಡುವ ‘ರೋವರ್’ ಸೈಕಲ್ಲನ್ನು ಮಾಡಿದ ಮೇಲೆ ದೂರದ ಸವಾರಿ ಹೆಚ್ಚಿತು. 1891ರಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಮತ್ತೆ ಪ್ಯಾರಿಸ್ಸಿಗೆ ಮರಳುವ ಸುಮಾರು 1,200 ಕಿಲೋಮೀಟರಿನ ಪಂದ್ಯವನ್ನು ಶಾರ್ಲ್ ತೆರೋ ಎಂಬಾತ 71 ಗಂಟೆ 22 ನಿಮಿಷಗಳಲ್ಲಿ ಗೆದ್ದ. ಅದರಲ್ಲಿ ಮೂರು ರಾತ್ರಿಗಳು ಸೇರಿವೆ ಎಂಬುದನ್ನು ನೆನೆದರೆ ಒಳ್ಳೆಯ ದೀಪದ ಹಂಬಲ ಎಷ್ಟಿದ್ದಿರಬೇಕೆಂದು ಊಹಿಸಬಹುದು. ಮರುವರ್ಷವೇ ಆ ಹಂಬಲಕ್ಕೆ ದಾರಿಯಾಯಿತು. 1892ರಲ್ಲಿ ಅಮೆರಿಕದಲ್ಲಿ ಥಾಮಸ್ ವಿಲ್ಸನ್ ಬೇರೇನನ್ನೋ ಮಾಡಹೊರಟು, ವಿದ್ಯುತ್ ಕುಲುಮೆಯಲ್ಲಿ ಕ್ಯಾಲ್ಸಿಯಂ ಕಾರ್ಬೈಡನ್ನು ರಾಶಿರಾಶಿಯಾಗಿ ಪಡೆಯುವ ಕ್ರಮವನ್ನು ಆಕಸ್ಮಿಕವಾಗಿ ಕಂಡುಕೊಂಡ. ಆ ಕಲ್ಲಿನ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಲೀನ್ ಅನಿಲ ಹುಟ್ಟುತ್ತದೆ. ಹಚ್ಚಿದರೆ ಹಾಲಿನಂಥ ಬಿಳಿಯ ಬೆಳಕು. ಶತಮಾನ ಮುಗಿಯುವಷ್ಟರಲ್ಲಿ ಸೈಕಲ್ಲುಗಳಿಗೆ ಕಾರ್ಬೈಡ್ ದೀಪಗಳು ಬಂದವು. ಮೇಲಿನ ಡಬ್ಬಿಯಲ್ಲಿ ನೀರು, ಕೆಳಗಿನದರಲ್ಲಿ ಕಾರ್ಬೈಡ್ ಕಲ್ಲು, ನಡುವೆ ಹನಿಯನ್ನು ಹದಮಾಡುವ ತಿರುಪು. ಮನೆ ತಲುಪಿದ ಮೇಲೆ ಉಳಿದ ಸುಣ್ಣದ ಕೆಸರನ್ನು ಕೆರೆದು ತೆಗೆಯುವುದು ಸವಾರನ ನಿತ್ಯಕರ್ಮ. ಅದರ ಘಾಟು ನಮ್ಮ ಹಿರಿಯರಿಗೆ ಅಪರಿಚಿತವಲ್ಲ. ಸಂತೆ ಜಾತ್ರೆಗಳ ಅಂಗಡಿಗಳಲ್ಲಿ ಅವರು ಅದನ್ನು ಕಂಡವರೇ.

ಟಾರ್ಚಿನ ಕಥೆ ಆರಂಭವಾಗುವುದೂ ಇದೇ ಕಾಲದಲ್ಲಿ. 1899ರಲ್ಲಿ ಡೇವಿಡ್ ಮಿಸೆಲ್ ಎಂಬಾತ ಕೊಳವೆಯೊಳಗೆ ಒಣ ಸೆಲ್ಲುಗಳನ್ನು ಸಾಲಾಗಿರಿಸಿ ತುದಿಗೆ ಬಲ್ಬು ಕೂಡಿಸಿದ ಕೈದೀಪಕ್ಕೆ ಅಮೆರಿಕದಲ್ಲಿ ಪೇಟೆಂಟು ಪಡೆದ. ಆಗಿನ ಸೆಲ್ಲುಗಳಿಗೆ ಕಸುವು ಕಡಮೆ. ಬೆಳಕು ಒಂದೇ ಸಮನೆ ನಿಲ್ಲುತ್ತಿರಲಿಲ್ಲ, ಮಿಂಚಿ ಮಾಯವಾಗುತ್ತಿತ್ತು. ಅಮೆರಿಕದವರು ಅದನ್ನು ‘ಫ್ಲಾಶ್‌ಲೈಟ್’ ಎಂದು ಕರೆದುದು ಹೊಗಳಿಕೆಯಲ್ಲ, ಉಪದ್ರವದ ವರ್ಣನೆ.

ಈ ಕೈದೀಪವನ್ನು ಸೈಕಲ್ಲಿಗೆ ಒಲಿಸಿಕೊಂಡವರಲ್ಲಿ ಮುಖ್ಯನಾದವನು ಜಪಾನಿನ ಕೊನೊಸುಕೆ ಮಾತ್ಸುಷಿತ. ಬಾಲ್ಯದಲ್ಲಿ ಒಸಾಕದ ಸೈಕಲ್ ಅಂಗಡಿಯೊಂದರಲ್ಲಿ ಆಳಾಗಿದ್ದವನು. ಆಗ ಸಿಕ್ಕುತ್ತಿದ್ದ ಬ್ಯಾಟರಿ ದೀಪಗಳು ಎರಡು ಮೂರು ಗಂಟೆಗೆ ಆರಿಹೋಗುತ್ತಿದ್ದವು. 1923ರಲ್ಲಿ ಈತ ಮಾಡಿದ, ಬಂದೂಕಿನ ಗುಂಡಿನ ಆಕಾರದ ದೀಪ 30ರಿಂದ 50 ಗಂಟೆ ಉರಿಯುತ್ತಿತ್ತು. ಸಗಟು ವ್ಯಾಪಾರಿಗಳು ನಂಬಲಿಲ್ಲ. ಆತ ವಾದಕ್ಕೆ ನಿಲ್ಲದೆ, ದೀಪಗಳನ್ನು ಸೈಕಲ್ ಅಂಗಡಿಗಳಲ್ಲಿ ಹಚ್ಚಿಟ್ಟು, ‘ಎಷ್ಟು ಹೊತ್ತು ಉರಿಯುತ್ತದೆಯೋ ನೀವೇ ನೋಡಿ’ ಎಂದು ಬಿಟ್ಟುಬಂದ. ದೀಪವೇ ತನ್ನ ಪರವಾಗಿ ಸಾಕ್ಷಿ ಹೇಳಿತು. 1927ರಲ್ಲಿ ಬಂದ ಅವನ ಚೌಕಾಕಾರದ ದೀಪ ಇನ್ನೂ ಸ್ವಾರಸ್ಯವಾದುದು. ಸೈಕಲ್ಲಿನಿಂದ ಬಿಚ್ಚಿ ಕೈಯಲ್ಲಿ ಹಿಡಿದರೆ ಅದೇ ಟಾರ್ಚು. ಅದಕ್ಕೆ ಆತನಿಟ್ಟ ಹೆಸರು ‘ನ್ಯಾಷನಲ್’. ಇಂದು ಪ್ಯಾನಸಾನಿಕ್ ಎಂದು ಪ್ರಸಿದ್ಧವಾದ ಕಂಪೆನಿಯ ಭಾಗ್ಯ ಬೆಳಗಿದ್ದು ಈ ದೀಪಗಳಿಂದ.

ಅದೇ 1923ರಲ್ಲಿ ಜರ್ಮನಿಯ ಬಾಷ್ ಕಂಪೆನಿ ಸೈಕಲ್ಲಿನ ಡೈನಮೋ ದೀಪವನ್ನು ಮಾರುಕಟ್ಟೆಗೆ ತಂದಿತು. 1936ರಲ್ಲಿ ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಕಂಪೆನಿ ಡೈನಮೋವನ್ನು ಚಕ್ರದ ಗುಂಬದೊಳಗೇ ಅಡಗಿಸಿತು. ನಮ್ಮ ತಂದೆಯವರ ಸೈಕಲ್ಲಿಗಿದ್ದುದು ಟೈರಿಗೆ ಉಜ್ಜಿಕೊಂಡು ತಿರುಗುವ ಸೀಸೆಯಾಕಾರದ ಡೈನಮೋ. ಅದನ್ನು ಒತ್ತಿದೊಡನೆ ಸೈಕಲ್ಲು ಭಾರವಾಗುತ್ತಿತ್ತು, ‘ಗುಂಯ್’ ಎಂದು ರಾಗ ಹಾಡುತ್ತಿತ್ತು. ಏರಿನಲ್ಲಿ ಬೆಳಕು ಬಡವಾಗುವುದು, ನಿಂತರೆ ಪೂರ್ತಿ ಆರುವುದು. ಇಂಥ ಡೈನಮೋಗಳ ರೂಢಿಯ ಲೆಕ್ಕ 6 ವೋಲ್ಟು, 3 ವ್ಯಾಟು. ಮುಂದಿನ ಬಲ್ಬಿಗೆ 2.4, ಹಿಂದಿನ ಕೆಂಪಿಗೆ 0.6. ತಂದೆಯವರು ಅದಕ್ಕೂ ಹಿಂದಿನ ಸೀಮೆಎಣ್ಣೆ ದೀಪದ ಕಾಲವನ್ನು ಕಂಡಿದ್ದರು. ದೀಪವಿಲ್ಲದೆ ಬಂದವನು ಪೊಲೀಸಿನವನನ್ನು ಕಂಡೊಡನೆ “ಈಗ ತಾನೇ ಆರಿತು ಸ್ವಾಮಿ” ಎನ್ನುವುದು, ಆತ ದೀಪದ ತಗಡು ಮುಟ್ಟಿ, ತಣ್ಣಗಿದ್ದರೆ ಹೆಸರು ಬರೆದುಕೊಳ್ಳುವುದು—ಈ ನಾಟಕವನ್ನು ಅವರು ಅಭಿನಯಿಸಿ ತೋರಿಸುತ್ತಿದ್ದರು. ಬೆಂಗಳೂರಿನ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ತು 1905ರಲ್ಲಿಯೇ ಬಂದಿದ್ದರೂ ಊರಾಚೆಯ ಹಾದಿಗಳಲ್ಲಿ ಸೈಕಲ್ಲಿನವನು ತನ್ನ ಬೆಳಕನ್ನು ತಾನೇ ಹೊತ್ತು ಹೋಗಬೇಕಾಗಿದ್ದಿತು.

ಎಣ್ಣೆಯಿಂದ ಡೈನಮೋವರೆಗಿನ ಈ ಎಲ್ಲ ದೀಪಗಳಿಗೂ ಒಂದು ಸಮಾನ ಗುಣವಿದೆ: ಅವುಗಳ ಬಡತನ. ಕಾರ್ಬೈಡೊಂದನ್ನು ಬಿಟ್ಟರೆ ಎದುರಿನವನ ಕಣ್ಣು ಕೋರೈಸುವಷ್ಟು ಬೆಳಕು ಸೈಕಲ್ಲಿನವನ ಬಳಿ ಇರಲೇ ಇಲ್ಲ. ಆ ಬಡತನವನ್ನು ನೀಗಿಸಿದುದು ಎಲ್‌ಇಡಿ. 1962ರಲ್ಲಿ ನಿಕ್ ಹಾಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ತೋರಿಸಿದ. ಸೈಕಲ್ಲಿನ ಹಿಂದಿನ ದೀಪಕ್ಕೆ ಮುಂದೆ ಇದೇ ಒದಗಿತು. ಬಿಳಿಯ ಬೆಳಕಿಗೆ ನೀಲಿ ಎಲ್‌ಇಡಿ ಬೇಕಾಗಿದ್ದಿತು. ಜಪಾನಿನ ಅಕಾಸಾಕಿ, ಅಮಾನೊ, ನಕಾಮುರ ಈ ಮೂವರ ದೀರ್ಘ ತಪಸ್ಸಿನಿಂದ ಅದು 1990ರ ದಶಕದ ಆರಂಭದಲ್ಲಿ ಸಿದ್ಧಿಸಿ, 2014ರ ನೊಬೆಲ್ ಬಹುಮಾನ ಅವರಿಗೆ ಸಂದಿತು. ನೀಲಿ ಚಿಪ್ಪಿನ ಮೇಲೆ ಹಳದಿ ರಂಜಕದ ಲೇಪ ಕೊಟ್ಟು ಬಿಳಿಯ ಬೆಳಕು ತಂದದ್ದು 1996ರಲ್ಲಿ. ಅಷ್ಟರಲ್ಲಿ, 1991ರಲ್ಲಿ, ಲಿಥಿಯಂ-ಅಯಾನ್ ಸೆಲ್ಲೂ ಮಾರುಕಟ್ಟೆಗೆ ಬಂದಿತ್ತು. ಒಂದು ವ್ಯಾಟಿಗೆ ನೂರು ಲ್ಯೂಮೆನ್ನಿಗೂ ಹೆಚ್ಚು ಬೆಳಕು, ಬೆರಳುದ್ದದ ಸೆಲ್ಲಿನಲ್ಲಿ ಗಂಟೆಗಟ್ಟಲೆಯ ಶಕ್ತಿ! ಸೈಕಲ್ಲಿಗೆಂದೇ ಮಾಡಿದ ದೀಪಕ್ಕಿಂತ ಕಡಮೆ ಬೆಲೆಗೆ ಇಂಥ ಟಾರ್ಚು ಸಿಕ್ಕುವುದರಿಂದ, ರಾತ್ರಿಯ ಸವಾರರು ಅದನ್ನು ಹ್ಯಾಂಡಲಿಗೆ ಕಟ್ಟಿಕೊಂಡರು. ಕೆಟ್ಟರೆ ಅಂಗಡಿಯಲ್ಲಿ ಇನ್ನೊಂದು. ಸೆಲ್ಲು ಮುಗಿದರೆ ಜೇಬಿನಲ್ಲಿ ಮತ್ತೊಂದು. ಬೆಂಗಳೂರಿನಂಥ ಊರುಗಳಿಂದ ಹೊರಟು 400 ಕಿಲೋಮೀಟರನ್ನು 27 ಗಂಟೆಗಳಲ್ಲಿ ಮುಗಿಸುವ ‘ಬ್ರೆವೆ’ ಸವಾರರಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಟಾರ್ಚು ಹುಟ್ಟಿದ್ದು ಕೈಗಾಗಿ ಎಂಬುದನ್ನು ನಾವು ಮರೆತೆವು. ಕೈಯಲ್ಲಿ ಟಾರ್ಚು ಹಿಡಿದವನು ಎದುರಿಗೆ ಮನುಷ್ಯನ ಮುಖ ಕಂಡೊಡನೆ ಮಣಿಕಟ್ಟನ್ನು ಬಗ್ಗಿಸಿ ಬೆಳಕನ್ನು ನೆಲಕ್ಕೆ ಇಳಿಸುತ್ತಾನೆ. ಯಾರೂ ಕಲಿಸಿದ ವಿದ್ಯೆಯಲ್ಲ; ಅದು ಕೈಯ ದಾಕ್ಷಿಣ್ಯ. ಹ್ಯಾಂಡಲಿಗೆ ಮಣಿಕಟ್ಟಿಲ್ಲ. ಟಾರ್ಚಿನ ಬೆಳಕು ದುಂಡಗಿನದು. ನೆಲಕ್ಕೆ ಎಷ್ಟೋ ಆಕಾಶಕ್ಕೂ ಅಷ್ಟೆ. ನಡುವೆ ಸಿಕ್ಕುವುದು ಎದುರಿನವನ ಕಣ್ಣು.

ಲೆಕ್ಕ ಹಾಕಿ ನೋಡಿದರೆ ನನ್ನ ಅಪರಾಧ ಇನ್ನೂ ಸ್ಪಷ್ಟವಾಗುತ್ತದೆ. ಟಾರ್ಚಿನ ಡಬ್ಬಿಯ ಮೇಲೆ ‘200 ಮೀಟರು’ ಎಂದು ಬರೆದಿದ್ದಿತು. 2009ರಲ್ಲಿ ಅಮೆರಿಕದಲ್ಲಿ ಗೊತ್ತುಪಡಿಸಿದ ‘ಎಫ್‌ಎಲ್ 1’ ಎಂಬ ಅಳತೆಯ ಪ್ರಕಾರ ಅದರ ಅರ್ಥ, ಅಷ್ಟು ದೂರದಲ್ಲಿ ಬೆಳಕು 0.25 ಲಕ್ಸಿಗೆ, ಎಂದರೆ ಸುಮಾರು ಹುಣ್ಣಿಮೆಯ ತಿಂಗಳಬೆಳಕಿನ ಮಟ್ಟಕ್ಕೆ ಇಳಿಯುತ್ತದೆಂದು. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೆಯ ಒಂದು ಪಾಲಾಗುತ್ತದೆ. ಈ ನಿಯಮವನ್ನು ಹಿಮ್ಮೊಗವಾಗಿ ನಡೆಸಿದರೆ ಅದೇ ಟಾರ್ಚಿನ ನಟ್ಟನಡುವಿನ ಬೆಳಕು 10 ಮೀಟರಿನಲ್ಲಿ 100 ಲಕ್ಸ್. ಸೈಕಲ್ಲಿನ ದೀಪದ ವಿಷಯದಲ್ಲಿ ಬಹು ಕಟ್ಟುನಿಟ್ಟಿನ ದೇಶವಾದ ಜರ್ಮನಿಯಲ್ಲಿ, 10 ಮೀಟರು ದೂರದಲ್ಲಿ ಹಾದಿಯ ಮೇಲೆ ಕನಿಷ್ಠ 10 ಲಕ್ಸ್ ಇರಬೇಕು. ಮೇಲೆ, ಎದುರಿನವರ ಕಣ್ಣಿನ ಕಡೆಗೆ, 2 ಲಕ್ಸ್ ಮೀರಬಾರದು. ಆ ಮುದುಕರ ಕಣ್ಣಿಗೆ ನಾನು ಎಸೆದದ್ದು ಅದರ ಐವತ್ತರಷ್ಟು! ಬ್ಯಾಟರಿ ದೀಪವೂ ಆಗಬಹುದೆಂದು ಜರ್ಮನರು ಡೈನಮೋದ ಕಡ್ಡಾಯವನ್ನು 2013ರಲ್ಲಿ ಸಡಿಲಿಸಿದರು. ಎದುರಿನವರ ಕಣ್ಣಿನ ನಿಯಮವನ್ನು ಬಿಟ್ಟುಕೊಡಲಿಲ್ಲ.

ಹಾಗಾದರೆ ಟಾರ್ಚೇ ಬೇಡವೆ? ನಾನು ಹಾಗೆನ್ನಲಾರೆ, ಆರಿಸುವ ರೀತಿ ಬೇರೆಯಾಗಬೇಕು ಎನ್ನುತ್ತೇನೆ. ಬೀದಿದೀಪವಿರುವ ಊರೊಳಗೆ ನೂರು ಇನ್ನೂರು ಲ್ಯೂಮೆನ್ ಧಾರಾಳ. ಕತ್ತಲ ಹಾದಿಗೆ ಮುನ್ನೂರು ನಾನ್ನೂರು ಇದ್ದರೆ ನನ್ನ ವೇಗದವರಿಗೆ ಸಾಕು. ದೂರಕ್ಕೆ ಭರ್ಜಿಯಂತೆ ನೆಡುವ ಬೆಳಕಿಗಿಂತ ಹತ್ತಿರದಲ್ಲಿ ಚಾಪೆಯಂತೆ ಹಾಸುವ ಬೆಳಕು ಸೈಕಲ್ಲಿಗೆ ಹಿತ. ಡಬ್ಬಿಯ ಮೇಲಿನ ಗಂಟೆಗಳನ್ನು ಪೂರ್ತಿ ನಂಬಬಾರದು. ಬೆಳಕು ಹತ್ತರಲ್ಲೊಂದು ಪಾಲಿಗೆ ಇಳಿಯುವವರೆಗಿನ ಹೊತ್ತನ್ನು ಆ ಅಳತೆ ಲೆಕ್ಕಕ್ಕೆ ಹಿಡಿಯುತ್ತದೆ. ‘18650’ ಎಂಬ ಸೆಲ್ಲಿನ ಹೆಸರು ಅದರ ಅಳತೆಯೇ: 18 ಮಿಲಿಮೀಟರು ದಪ್ಪ, 65 ಉದ್ದ. ಅದರ ಮೇಲೆ 9,000 ಎಂ.ಎ.ಎಚ್. ಎಂದು ಬರೆದಿದ್ದರೆ ಅದು ಸುಳ್ಳು. ಒಳ್ಳೆಯ ಸೆಲ್ಲು ಸುಮಾರು 3,500ಕ್ಕೆ ನಿಲ್ಲುತ್ತದೆ. ಹಳ್ಳ ಹಾರಿದಾಗ ಸೆಲ್ಲು ಕದಲಿ ದೀಪ ಆರದಂತೆ ಎರಡು ತುದಿಗೂ ಸ್ಪ್ರಿಂಗು ಇರಬೇಕು. ಮಳೆಯ ಎರಚಲು ತಡೆಯಲು ‘ಐಪಿಎಕ್ಸ್ 4’ ಎಂಬ ಗುರುತಾದರೂ ಇರಬೇಕು. ಹಿಂದೆ ಒಂದು ಕೆಂಪು ದೀಪವಂತೂ ತಪ್ಪಬಾರದು. ಇಷ್ಟೆಲ್ಲ ಆದ ಮೇಲೆ ಟಾರ್ಚಿನ ಮೂತಿಯನ್ನು ತಗ್ಗಿಸಿ, ಬೆಳಕಿನ ನಡುಭಾಗ ಏಳೆಂಟು ಮೀಟರಿನ ಮುಂದೆ ನೆಲಕ್ಕೆ ಬೀಳುವಂತೆ ಕಟ್ಟಬೇಕು.

ನಾನು ಮಾಡಿದುದು ಅಷ್ಟೆ. ಅದರ ಮೇಲೆ ಒಂದು ಹಳೆಯ ತಗಡಿನ ಚೂರನ್ನು ಬಗ್ಗಿಸಿ, ಹಣೆಗೆ ಅಂಗೈ ಮರೆ ಹಿಡಿದಂತೆ ಟಾರ್ಚಿನ ಮೇಲಂಚಿಗೆ ಕಟ್ಟಿದೆ. ಅಕ್ಕನ ಮಗ ನೋಡಿ, “ಏನು ಮಾವ, ಇಷ್ಟು ಪವರ್ ಇರೋ ಟಾರ್ಚಿಗೆ ಟೋಪಿ ಹಾಕಿದ್ದೀರಿ!” ಎಂದು ನಕ್ಕ. ನಾನೂ ನಕ್ಕೆ.

ಈಗ ಏರಿಯ ಆ ತುದಿಯ ಅರಳಿಮರ ನನಗೆ ಕಾಣುವುದಿಲ್ಲ. ಅದು ಅಲ್ಲಿಯೇ ಇದೆಯೆಂಬ ನಂಬಿಕೆಯಿಂದ ಹೋಗುತ್ತೇನೆ. ಆ ಮುದುಕರನ್ನು ಮತ್ತೆ ಕಂಡಿಲ್ಲ. ಕಂಡರೆ ಗುರುತು ಹಿಡಿಯುವೆನೆಂಬ ಭರವಸೆಯೂ ಇಲ್ಲ, ಅಂದು ಅವರ ಮುಖ ನನಗೆ ಕಂಡದ್ದು ತೋಳಿನ ಮರೆಯಲ್ಲಿ. ಆದರೆ ಎದುರಿಗೆ ಬರುವವರು ಈಗ ಕಣ್ಣಿಗೆ ಕೈ ಅಡ್ಡ ಹಿಡಿಯುವುದಿಲ್ಲ. ನನ್ನ ದೀಪವನ್ನು ನೋಡಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ತಮ್ಮ ಪಾಡಿಗೆ ತಾವು ಮಾತನಾಡಿಕೊಂಡು ಹೋಗುತ್ತಾರೆ.